ಅಪ್ಪನ ಮಿತ್ ತೀರಿಕೊಂಡ ವಾರ

ಸುದ್ದಿ ಬಂದದ್ದು ಶನಿವಾರ ಬೆಳಿಗ್ಗೆ. ಮಂಥಲಿ ಬಜಾರಿನ ನನ್ನ ಹೊಲಿಗೆ ಅಂಗಡಿಯಲ್ಲಿ ಕೂತು ಸುಬೇದಾರರ ಸೊಸೆಯ ರವಿಕೆಗೆ ಕೊಕ್ಕೆ ಹಾಕುತ್ತಿದ್ದೆ. ತುಟಿಯಲ್ಲಿ ಸೂಜಿ, ಕಿವಿಗೂ ಹೆಗಲಿಗೂ ನಡುವೆ ಫೋನು.

"ತುಲ್ಸಾ ಅಲ್ವಾ? ನಿಮ್ಮಪ್ಪನ ಮಿತ್ ಹೋಗ್ಬಿಟ್ರಮ್ಮಾ..." ಯಾರೋ ಹೆಂಗಸು, ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ. "ನಿನ್ನೆ ಎದೆ ಹಿಡ್ಕೊಂಡು ಕೂತವರು ಏಳ್ಲೇ ಇಲ್ಲ. ಪಶುಪತಿ ಘಾಟಿನಲ್ಲಿ ಬೆಂಕಿ ಕೊಟ್ಟಾಯ್ತು. ನಾನು ಅವರ ನಾದಿನಿ. ನೀವ್ಯಾರೂ ಈಗ ಕಾಠ್ಮಂಡುಗೆ ಓಡಿ ಬರ್ಬೇಡಿ. ಸೂತಕ ಎಲ್ಲಾ ಕಳೀಲಿ, ಹದಿಮೂರು ದಿನ ಆದ್ಮೇಲೆ ಬನ್ನಿ."

ನನ್ನ ತಲೆಗೆ ಮೊದಲು ಬಂದದ್ದು ಏನು ಅಂತ ಹೇಳೋದಕ್ಕೆ ನಾಚಿಕೆ. ಸತ್ತವರ ಮುಖ ಅಲ್ಲ, ಅವರ ಹೆಂಡತಿ ಮಕ್ಕಳ ಗತಿ ಅಲ್ಲ. ಅಯ್ಯೋ, ನನ್ನ ಪಾಸ್‌ಪೋರ್ಟು!

ಅದು ಹದಿನಾಲ್ಕು ತಿಂಗಳಿಂದ ಅವರ ಹತ್ತಿರವೇ ಇತ್ತು.

ಅವರು ಮೊದಲು ಬಂದದ್ದು ಜಾಕೆಟ್ಟಿನ ಜಿಪ್ಪು ಹಾಕಿಸಿಕೊಳ್ಳುವುದಕ್ಕೆ. ನಾನು ಜಿಪ್ಪು ಹಾಕುವಷ್ಟರಲ್ಲಿ ಅವರು ನನ್ನ ಕೈ ನೋಡಿ, "ಇಂಥ ಹೊಲಿಗೆಗೆ ರೊಮೇನಿಯಾದಲ್ಲಿ ಏನು ಬೆಲೆ ಗೊತ್ತಾ ಮಗಳೇ" ಅಂದರು. ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸುವ ಆಫೀಸು ಅವರದ್ದು, ಕಾಠ್ಮಂಡುವಿನ ಗೌಶಾಲಾದಲ್ಲಿ. ಆಮೇಲೆ ಅಪ್ಪನ ಹೆಸರು ಕೇಳಿದರು. ಪದಮ್ ಬಹಾದುರ್ ಖತ್ರಿ ಅಂದೆ. ಅವರು ಚಹಾದ ಲೋಟ ಕೆಳಗಿಟ್ಟರು. "ಏನಂದೆ? ಇನ್ನೊಂದ್ಸಲ ಹೇಳು."

ಅವರ ಹೆಸರೂ ಪದಮ್ ಬಹಾದುರ್ ಅಂತೆ. ವಯಸ್ಸು ಕೇಳಿದರು, ಹುಟ್ಟಿದ ತಿಂಗಳು ಕೇಳಿದರು, ಎಲ್ಲಾ ಒಂದೇ. ಅವತ್ತೇ ಸಂಜೆ ನಮ್ಮ ಮನೆಯ ಹಜಾರದಲ್ಲಿ ಕೂತು, ಅಪ್ಪನ ಮುಖವನ್ನೇ ನೋಡುತ್ತಾ, ಕಣ್ಣಲ್ಲಿ ನೀರು ತಂದುಕೊಂಡು, "ಎಷ್ಟು ವರ್ಷದಿಂದ ನಿಮ್ಮನ್ನ ಹುಡುಕ್ತಿದ್ನೋ ಏನೋ" ಅಂದರು.

ನಮ್ಮಲ್ಲಿ ಸ್ನೇಹಿತ ಬೇರೆ, ಮಿತ್ ಬೇರೆ. ಸ್ನೇಹಿತನ ಜೊತೆ ಜಗಳ ಆಡಬಹುದು, ಮಾತು ಬಿಡಬಹುದು. ಮಿತ್ ಅಂದರೆ ಪುರೋಹಿತರು ಮಂತ್ರ ಹೇಳಿ, ಹಣೆಗೆ ಮೊಸರಕ್ಕಿ ಹಚ್ಚಿ, ಬಟ್ಟೆ ಬದಲಾಯಿಸಿಕೊಂಡು ಕಟ್ಟುವ ಸಂಬಂಧ. ಅಲ್ಲಿಂದಾಚೆಗೆ ಅವನ ತಾಯಿ ನಿನ್ನ ತಾಯಿ, ನಿನ್ನ ಮಗಳು ಅವನ ಮಗಳು. ಅವನ ಹೆಸರು ಬಾಯಲ್ಲಿ ಎತ್ತಬಾರದು, "ಮಿತ್‌ಜ್ಯು" ಅನ್ನಬೇಕು. ಅವನ ಮೇಲೆ ಕೈ ಎತ್ತಿದರಂತೂ ಏಳು ಜನ್ಮಕ್ಕೂ ಆ ಪಾಪ ತೊಳೆದುಹೋಗುವುದಿಲ್ಲ. ಒಂದೇ ಹೆಸರಿನವರು, ಒಂದೇ ಚಹರೆಯವರು ಎದುರಾದರೆ ದೇವರೇ ಕಳಿಸಿದ್ದಾನೆ ಅಂತ ಮಿತ್ ಆಗುತ್ತಾರೆ. ಅಪ್ಪನಿಗೆ ಒಡಹುಟ್ಟಿದವರು ಇಲ್ಲ. ಐವತ್ತಾರು ವರ್ಷಕ್ಕೆ ಒಬ್ಬ ಅಣ್ಣತಮ್ಮ ಸಿಕ್ಕಿದ ಹಾಗಾಯಿತು. ಹದಿನೈದು ದಿನದಲ್ಲಿ ಶಾಸ್ತ್ರ ಮುಗಿಸಿದರು. ಅವರು ನನಗೆ ಮಿತಪ್ಪ ಆದರು.

ಮಿತಪ್ಪನ ಹತ್ತಿರ ರಸೀದಿ ಕೇಳುವವರು ಯಾರು? ಅಮ್ಮ ಕತ್ತಿನ ಚಿನ್ನ ಬಿಚ್ಚಿ ಕೊಟ್ಟಳು, ನಾನು ಪಾಸ್‌ಪೋರ್ಟು ಕೊಟ್ಟೆ. ಆಮೇಲೆ "ಬರೋ ತಿಂಗಳು", "ಹಬ್ಬ ಕಳೀಲಿ", "ಅಲ್ಲಿ ಹಿಮ ಬಿದ್ದಿದೆ, ಫ್ಯಾಕ್ಟರಿ ಮುಚ್ಚಿದೆ" ಅಂತ ಶುರುವಾಯಿತು. ಬೇಸಿಗೆ ಬಂದರೂ ಅಲ್ಲಿ ಹಿಮ ಕರಗಲಿಲ್ಲ.

ಅಷ್ಟರಲ್ಲಿ ನನ್ನ ಗೆಳತಿ ಶರ್ಮಿಲಾ ಒಂದು ದಾರಿ ತೋರಿಸಿದ್ದಳು. ಅವಳನ್ನು ಪೋಲೆಂಡಿಗೆ ಕಳಿಸಿದ ಆಫೀಸಿನವರೇ ಹೊಲಿಗೆಯವರನ್ನು ಕರೆದಿದ್ದರು. ಬರುವ ಶುಕ್ರವಾರ ಸಂದರ್ಶನ. ಮೂಲ ಪಾಸ್‌ಪೋರ್ಟು ಕೈಯಲ್ಲಿರಲೇಬೇಕು. ಇಲ್ಲದವರು ಬರುವುದೇ ಬೇಡ. ನನಗೆ ಮೂವತ್ತೊಂದು, ಎರಡು ತಿಂಗಳಲ್ಲಿ ಮೂವತ್ತೆರಡು ತುಂಬುತ್ತದೆ. ಅವರು ತೆಗೆದುಕೊಳ್ಳುವುದು ಮೂವತ್ತೆರಡರವರೆಗೆ. ಇದು ತಪ್ಪಿದರೆ ಮುಂದೆ ಇಲ್ಲ.

ಇದನ್ನೆಲ್ಲ ತಲೆಯಲ್ಲಿ ತುಂಬಿಕೊಂಡೇ ಮನೆಗೆ ಓಡಿ ಅಪ್ಪನಿಗೆ ಸುದ್ದಿ ಹೇಳಿದೆ. ಅಪ್ಪ ಜುನಾರ್ ಕಿತ್ತಳೆ ಗಿಡದ ಬುಡದಲ್ಲಿದ್ದರು. ಗುದ್ದಲಿ ಹಾಗೇ ನೆಲಕ್ಕೆ ಬಿತ್ತು. ಆಮೇಲೆ, "ಕ್ಷೌರದವನಿಗೆ ಹೇಳ್ಕಳ್ಸು" ಅಂದರು.

"ಅಪ್ಪಾ, ನನ್ನ ಪಾಸ್‌ಪೋರ್ಟು—"

"ಹೆಣದ ಬೂದಿ ಆರಿಲ್ಲ, ಪಾಸ್‌ಪೋರ್ಟ್ ಅಂತೀಯಲ್ಲೇ!" ಅಪ್ಪ ನನ್ನ ಮೇಲೆ ಹಿಂದೆಂದೂ ಅಷ್ಟು ಜೋರಾಗಿ ಕೂಗಿದ್ದು ನನಗೆ ನೆನಪಿಲ್ಲ.

ಅಮ್ಮ ಒಳಗಿನಿಂದಲೇ ಹೇಳಿದಳು, "ಅವಳು ಕೇಳಿದ್ರಲ್ಲಿ ಏನ್ ತಪ್ಪು? ಸತ್ತವರಿಗೆ ಸ್ವರ್ಗಕ್ಕೆ ಹೋಗೋಕೆ ಇವಳ ಪಾಸ್‌ಪೋರ್ಟ್ ಬೇಕಾ?"

"ಬಾಯ್ಮುಚ್ಚು. ಅವರು ನಿಂಗೆ ಭಾವ ಆಗ್ಬೇಕು."

"ಭಾವ ಬದುಕಿದ್ದಾಗ್ಲೂ ಬರೀ ಕಿತ್ತಳೆ ತಿಂದು ಹೋದ, ಸತ್ತಾಗ್ಲೂ ನನ್ನ ಗಂಡನ ತಲೆ ಬೋಳಿಸ್ದ."

ಅಪ್ಪ ತಲೆ ಬೋಳಿಸಿಕೊಂಡು ಬಿಳಿ ಬಟ್ಟೆ ಸುತ್ತಿಕೊಂಡು ಅಳುತ್ತಾ ಮೂಲೆ ಹಿಡಿದರು. ನಮ್ಮ ಬೆಟ್ಟದ ಕಡೆ ಮಿತ್ ಸತ್ತರೆ ಐದು ದಿನ. ಐದು ದಿನ ಯಾರನ್ನೂ ಮುಟ್ಟುವಂತಿಲ್ಲ, ಹೊಸಿಲು ದಾಟಿ ಊರು ಬಿಡುವಂತಿಲ್ಲ, ಒಂದೇ ಹೊತ್ತು ಉಪ್ಪಿಲ್ಲದ ಅನ್ನ. ನಾನು ಒಬ್ಬಳೇ ಹೋಗಿ ಬರುತ್ತೇನೆ ಅಂದರೆ, ನೀನೂ ಅವರ ಮಗಳೇ, ಸೂತಕ ನಿನಗೂ ಇದೆ ಅಂದರು. ಬುಧವಾರಕ್ಕೆ ಐದು ದಿನ. ಶುಕ್ರವಾರ ಸಂದರ್ಶನ. ನಡುವೆ ನನಗೆ ಉಳಿದದ್ದು ಗುರುವಾರ ಒಂದೇ.

ಆ ಐದು ದಿನ ಮಿತಪ್ಪನ ಫೋನಿಗೆ ಎಷ್ಟು ಸಲ ಮಾಡಿದೆನೋ! ಬಂದ್ ಆಗಿತ್ತು. ನಾದಿನಿಯದೂ ಬಂದ್. ಸತ್ತ ಮನೆ, ಯಾರಿಗೆ ಪುರುಸೊತ್ತು ಅಂದುಕೊಂಡೆ.

ಗುರುವಾರ ಬೆಳಗಿನ ಬಸ್ಸಿಗೆ ಹೊರಟೆವು. ಹದಿಮೂರು ದಿನ ಕಳೆದು ಬನ್ನಿ ಅಂದದ್ದನ್ನು ನಾನೇ ನೆನಪಿಸಿದೆ. ಅಪ್ಪ, "ಅದು ಅವರ ಮನೆ ಸೂತಕದ ಲೆಕ್ಕ. ನಮ್ದು ಮುಗೀತು. ಗಂಡನ್ನ ಕಳ್ಕೊಂಡ ಹೆಣ್ಣುಮಗಳ ಮುಖ ನೋಡದೆ ಇರೋಕ್ಕಾಗುತ್ತಾ?" ಅಂದರು. ತೊಡೆಯ ಮೇಲೆ ಒಂದು ಚೀಲ ಜುನಾರ್ ಇಟ್ಟುಕೊಂಡಿದ್ದರು. ಮನೆ ಎಲ್ಲಿ ಅಂತ ನಮಗೆ ಗೊತ್ತಿರಲಿಲ್ಲ. ಮೊದಲು ಆಫೀಸಿಗೆ ಹೋಗಿ ವಿಳಾಸ ಕೇಳುವುದು, ಅಲ್ಲೇ ನನ್ನ ಪಾಸ್‌ಪೋರ್ಟೂ ಇರಬಹುದು ಅಂತ ಅಂದಾಜು.

ಗೌಶಾಲಾ ಪಶುಪತಿಗೆ ಹತ್ತಿರ. ಅಲ್ಲಿ ಬೋಳುತಲೆ, ಬಿಳಿ ಬಟ್ಟೆ ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಹಾಗಾಗಿ ಆಫೀಸಿದ್ದ ಕಟ್ಟಡದ ಮೆಟ್ಟಿಲ ಮೇಲೆ ಒಬ್ಬ ಬೋಳುತಲೆಯ ದಾಂಡಿಗ ಕೂತಿದ್ದನ್ನು ಕಂಡು ನನಗೇನೂ ಅನಿಸಲಿಲ್ಲ. ಅವನ ಮೇಲಿನ ಮೆಟ್ಟಿಲಲ್ಲಿ ಇನ್ನೊಬ್ಬ. ಅವನ ಪಕ್ಕ ಮತ್ತೊಬ್ಬ. ತಿರುವು ಹತ್ತಿದರೆ ಮೂರು ಜನ ಸಾಲಾಗಿ. ಒಟ್ಟು ಆರು ತಲೆ, ಆರೂ ಹೊಸದಾಗಿ ಬೋಳಿಸಿದ್ದು, ಚಳಿಗಾಲದ ಬಿಸಿಲಿಗೆ ಮಿರಮಿರ ಮಿಂಚುತ್ತಿವೆ. ಮೇಲೆ ಆಫೀಸಿನ ಬಾಗಿಲಿಗೆ ಬೀಗ.

ಅಪ್ಪ ಕೈಮುಗಿದು, "ಸತ್ತವರ ಕಡೆಯವರಾ?" ಅಂದರು.

"ಹೂಂ," ಅಂದ ಕೆಳಗಿನ ಮೆಟ್ಟಿಲವನು. ಸಿಂಧುಲಿ ಕಡೆಯ ಮಾತು. "ನನ್ನ ಮಿತ್ ಹೋದ್ರು. ನೀವು?"

"ನಂದೂ ಮಿತ್."

"ಪಾಪ. ಇದೇ ಕಟ್ಟಡದವರಾ?"

"ಹೂಂ. ಇದೇ ಆಫೀಸು."

ಅವನು ತಿರುಗಿ ಮೇಲಿನವರನ್ನು ನೋಡಿದ. ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ಬೆಳಿಗ್ಗೆಯಿಂದ ಒಂದೇ ಮೆಟ್ಟಿಲ ಮೇಲೆ ಕೂತಿದ್ದರೂ ದುಃಖದವರನ್ನು ಹೆಚ್ಚು ಮಾತಾಡಿಸಬಾರದು ಅಂತ ಒಬ್ಬರನ್ನೊಬ್ಬರು ಕೇಳಿರಲಿಲ್ಲ. ಇವನು ಮಗ, ಅವನು ತಮ್ಮ, ಇನ್ನೊಬ್ಬ ಷಡ್ಡಕ ಅಂತ ಪ್ರತಿಯೊಬ್ಬರೂ ತಾವೇ ಊಹೆ ಮಾಡಿಕೊಂಡಿದ್ದರು.

"ನಾನೂ ಮಿತ್ತೇ," ಅಂದ ಮೇಲಿನವನೊಬ್ಬ. ದೋಲಖಾದ ತಮಾಂಗ್ ಬುಡಕಟ್ಟಿನವನು, ಹೆಸರು ಗಂಜಮಾನ್ ಅಂತ ಆಮೇಲೆ ತಿಳಿಯಿತು. "ನಮ್ಮಲ್ಲಿ ಲಾಮಾ ಕರೆಸೋ ಪದ್ಧತಿ. ಆದ್ರೂ ಮಿತ್ ಅಲ್ವಾ ಅಂತ ತಲೆ ಬೋಳಿಸ್ಕೊಂಡೆ."

"ನಾನೂ."

"ನಾನೂ."

"ಅವರ ಹೆಸರೇನು?" ಅಂತ ಕೇಳಿದೆ.

ಏಳು ಗಂಡಸರೂ ಬಾಯಿಗೆ ಬೀಗ ಹಾಕಿಕೊಂಡರು. ಮಿತ್‌ನ ಹೆಸರು ಎತ್ತಬಾರದಲ್ಲ! ಕೊನೆಗೆ ಸಿಂಧುಲಿಯವನು ತಲೆ ತಗ್ಗಿಸಿ, "ನನ್ನ ಹೆಸರೇ ಅವರದ್ದೂ," ಅಂದ.

"ನಿಮ್ಮ ಹೆಸರು?"

"ಕುಲಮಾನ್."

"ಸುಳ್ಳು," ಅಂದ ಗಂಜಮಾನ್. "ಅವರ ಹೆಸರು ನಂದು. ಗಂಜಮಾನ್. ಅದಕ್ಕೇ ಅಲ್ವಾ ಮಿತ್ ಆಗಿದ್ದು!"

ಅಪ್ಪ ನನ್ನ ಹೆಗಲು ಹಿಡಿದುಕೊಂಡರು. ಅವರ ಕೈ ಅಷ್ಟು ಭಾರ ಅಂತ ನನಗೆ ಗೊತ್ತಿರಲಿಲ್ಲ.

ಒಬ್ಬೊಬ್ಬರೇ ತಮ್ಮ ಕಥೆ ಬಿಚ್ಚಿದರು. ಒಬ್ಬನ ಮಗ, ಒಬ್ಬನ ಸೊಸೆ, ಒಬ್ಬನ ಇಬ್ಬರು ಅಳಿಯಂದಿರು — ಎಲ್ಲರ ಪಾಸ್‌ಪೋರ್ಟೂ ಇಲ್ಲಿ. ಎಲ್ಲರಿಗೂ ಫೋನು ಬಂದದ್ದು ಶನಿವಾರ ಬೆಳಿಗ್ಗೆ. ಎಲ್ಲರಿಗೂ ಅದೇ ನಾದಿನಿ, ಅದೇ ಬಿಕ್ಕು. ಎಲ್ಲರೂ ಐದು ದಿನ ಉಪ್ಪು ಬಿಟ್ಟು ಇವತ್ತು ಬಂದವರು.

ಕೆಳಗಿನ ಚಹಾದ ಅಂಗಡಿಯ ಒಡತಿ, ಎಲ್ಲರೂ ಸಾಹುನಿ ಅನ್ನುವ ದಪ್ಪಗಿನ ನೇವಾರ ಜನಾಂಗದ ಹೆಂಗಸು, ಗದ್ದಲ ಕೇಳಿ ಸೊಂಟಕ್ಕೆ ಕೈ ಕೊಟ್ಟುಕೊಂಡು ಬಂದಳು.

"ಬೆಳಿಗ್ಗೆಯಿಂದ ನೋಡ್ತಿದ್ದೀನಿ, ನನ್ನ ಮೆಟ್ಟಿಲೇನು ಘಾಟಾ? ಯಾರು ಸತ್ತಿರೋದು?"

"ಈ ಆಫೀಸಿನ ಯಜಮಾನ್ರು, ದಿದಿ," ಅಂದೆ.

"ಯಾವಾಗ?"

"ಹೋದ ಶುಕ್ರವಾರ."

ಸಾಹುನಿ ನನ್ನ ಮುಖ ನೋಡಿದಳು, ಏಳು ತಲೆ ನೋಡಿದಳು. "ನಿನ್ನೆ ನನ್ನ ಅಂಗಡೀಲಿ ಎರಡು ಪ್ಲೇಟ್ ಮೊಮೊ ತಿಂದ್ನಲ್ಲ! ಚಟ್ನಿ ಖಾರ ಇಲ್ಲ ಅಂತ ಬೈದೂ ಹೋದ. ಸತ್ತವನಿಗೆ ಅಷ್ಟು ಖಾರ ಯಾಕಮ್ಮಾ?"

ಕುಲಮಾನ್ ತನ್ನ ಬೋಳುತಲೆಯನ್ನು ಎರಡೂ ಕೈಯಲ್ಲಿ ಒಂದೇ ಸಮನೆ ಸವರಿಕೊಳ್ಳತೊಡಗಿದ, ಕೂದಲು ಇನ್ನೂ ಇದೆಯೇನೋ ಅಂತ ಹುಡುಕುವವನ ಹಾಗೆ. "ನಮ್ಮನೇಲಿ ಎಮ್ಮೆ ಕರು ಹಾಕಿತ್ತು," ಅಂದ. "ಸೂತಕ ಅಂತ ಹೊಸ ಹಾಲು ಬಾಯಿಗಿಡ್ಲಿಲ್ಲ. ಅವನು ಮೊಮೊ ತಿಂತಿದ್ನಾ?"

"ಸಾಮಾನೆಲ್ಲ ಕಟ್ಟಿಟ್ಟಿದ್ದಾನೆ," ಅಂದಳು ಸಾಹುನಿ. "ನಾಡಿದ್ದು ಶನಿವಾರ ರೂಮು ಖಾಲಿ ಮಾಡ್ತೀನಿ ಅಂದ. ಇವತ್ತೂ ಬರ್ತಾನೆ."

ಆಗ ನನಗೆ ಹೊಳೆಯಿತು. ಸೂತಕದವರು ಊರು ಬಿಟ್ಟು ಬರುವುದಿಲ್ಲ. ಏಳು ಮನೆಯನ್ನೂ ಒಂದೇ ಫೋನಿನಲ್ಲಿ ಮೂಲೆಗೆ ಕೂರಿಸಿ, ಆ ದಿನಗಳಲ್ಲಿ ಗಂಟು ಕಟ್ಟುವ ಉಪಾಯ. ಆದರೆ ಅವನು ಯಾವ ಕಡೆಯವನೋ, ಅವನ ಕಡೆ ಮಿತ್ ಸತ್ತರೂ ಹದಿಮೂರು ದಿನ ಇರಬೇಕು. ನಮ್ಮ ಬೆಟ್ಟಗಳಲ್ಲಿ ಐದು ಅಂತ ಅವನಿಗೆ ಗೊತ್ತಿರಲಿಲ್ಲ. ಮಿತ್ ಆದವನು ಅದನ್ನಾದರೂ ಕೇಳಿ ತಿಳಿದುಕೊಳ್ಳಬೇಡವೇ?

ಪೊಲೀಸರಿಗೆ ಹೇಳೋಣ ಅಂದೆ. ಏಳು ಜನವೂ ತಲೆಯಾಡಿಸಿದರು. ಮಿತ್‌ನ ಮೇಲೆ ದೂರು? ಅಪ್ಪನೂ ಬೇಡ ಅಂದರು. "ಎದುರಿಗೆ ಬರ್ಲಿ. ಏನೋ ತಪ್ಪು ತಿಳ್ಕೊಂಡಿರ್ತೀವಿ." ನನಗೆ ಅಳು ಬಂತು. ನಾಳೆ ಹತ್ತು ಗಂಟೆಗೆ ನನ್ನ ಸಂದರ್ಶನ, ಪಾಸ್‌ಪೋರ್ಟು ಆ ಬೀಗದ ಹಿಂದೆ, ಇವರು ಇನ್ನೂ ತಪ್ಪು ತಿಳಿದುಕೊಂಡಿದ್ದೇವೆ ಅನ್ನುತ್ತಾರೆ.

ಎರಡು ಗಂಟೆ ಸುಮಾರಿಗೆ ಅವನು ಬಂದ. ಅದೇ ಜಾಕೆಟ್, ನಾನು ಹಾಕಿಕೊಟ್ಟ ಜಿಪ್ಪು. ಹೆಗಲಿಗೆ ಖಾಲಿ ಚೀಲ, ಬಾಯಲ್ಲಿ ಏನೋ ಹಾಡು ಗುನುಗುತ್ತಾ ಮೆಟ್ಟಿಲು ಹತ್ತಿ ತಿರುವಿನಲ್ಲಿ ಒಮ್ಮೆಲೇ ನಿಂತ. ಏಳು ಬೋಳುತಲೆಗಳು ಒಟ್ಟಿಗೆ ಅವನತ್ತ ತಿರುಗಿದವು.

ದೇವರಾಣೆ, ಒಂದು ಉಸಿರಿನಷ್ಟೂ ತಡ ಮಾಡಲಿಲ್ಲ. ಎರಡೂ ಕೈ ಜೋಡಿಸಿ, ಮುಖ ಸಣ್ಣ ಮಾಡಿ, "ಅಯ್ಯೋ ಮಿತ್‌ಜ್ಯು! ಯಾರು ತೀರ್ಕೊಂಡ್ರು?" ಅಂದ.

ಯಾವ ಮಿತ್‌ಜ್ಯುಗೆ ಕೇಳಿದ್ದೋ! ಏಳೂ ಜನಕ್ಕೆ ತಮ್ಮನ್ನೇ ಕೇಳಿದ ಹಾಗಾಯಿತು.

"ನೀವು," ಅಂದರು ಅಪ್ಪ.

ಅವನು ಓಡುತ್ತಾನೆ ಅಂತ ನಾನು ಕಾದೆ. ಓಡಲಿಲ್ಲ. ಕೆಳಗೆ ಸಾಹುನಿ ಅಡ್ಡ ನಿಂತಿದ್ದಳು, ಅದನ್ನು ನೋಡಿದ. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ, ನಮ್ಮ ಮನೆಯ ಹಜಾರದಲ್ಲಿ ಕೂರುತ್ತಿದ್ದ ಹಾಗೇ ಕಾಲು ನೀಡಿ ಕೂತ. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಎಷ್ಟು ದೂರದಿಂದ ಬಂದಿದ್ದೀರಿ. ಏನ್ಮಾಡ್ತೀರಿ ಈಗ? ಹೊಡೀತೀರಾ? ಮಿತ್‌ನ ಮೇಲೆ ಕೈ ಎತ್ತೋಕ್ಕಾಗುತ್ತಾ? ದೂರು ಕೊಡ್ತೀರಾ? ದೇವರ ಮುಂದೆ ಮೊಸರಕ್ಕಿ ಹಚ್ಕೊಂಡಿದ್ದೀವಿ."

ಇಷ್ಟು ವರ್ಷ ಎಷ್ಟೋ ಜನರನ್ನು ನೋಡಿದ್ದೇನೆ. ಅಳತೆ ತಪ್ಪು ಹೇಳಿ ಬಟ್ಟೆ ಕದಿಯುವವರು, ಹೊಲಿಸಿಕೊಂಡು ಮುಖ ತಪ್ಪಿಸುವವರು. ಆದರೆ ಇಂಥವನನ್ನು ನೋಡಿರಲಿಲ್ಲ. ನಮ್ಮನ್ನು ಯಾವ ದಾರದಲ್ಲಿ ಕಟ್ಟಿದ್ದೇನೆ ಅಂತ ಅವನಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಅವನು ಹೇಳಿದ್ದು ನಿಜವೂ ಆಗಿತ್ತು. ಏಳು ಜನ ಗಂಡಸರು, ಅವರಲ್ಲಿ ಕುಲಮಾನ್ ಒಬ್ಬನೇ ಸಾಕು ಅವನನ್ನು ಮಡಚಿಡುವುದಕ್ಕೆ. ಒಬ್ಬರೂ ಅಲುಗಲಿಲ್ಲ. ಗಂಜಮಾನ್ ಗೋಡೆ ಕಡೆ ತಿರುಗಿ ಅಳುತ್ತಿದ್ದ.

"ನನ್ನ ಪಾಸ್‌ಪೋರ್ಟ್ ಕೊಡಿ," ಅಂದೆ.

"ಕೊಡ್ತೀನಿ ಮಗಳೇ. ಬರೋ ತಿಂಗಳು."

ಅಪ್ಪ ಕಿತ್ತಳೆಯ ಚೀಲವನ್ನು ಗೋಡೆಗೆ ಒರಗಿಸಿಟ್ಟರು. ಎರಡು ಮೆಟ್ಟಿಲು ಇಳಿದು ಅವನ ಎದುರಿಗೆ ನಿಂತರು.

"ನನ್ನ ಮಿತ್ ಹೋದ ಶುಕ್ರವಾರ ತೀರ್ಕೊಂಡ್ರು," ಅಂದರು, ಮೆಲ್ಲಗೆ. "ತಲೆ ಬೋಳಿಸ್ಕೊಂಡೆ. ಐದು ದಿನ ಉಪ್ಪು ಮುಟ್ಲಿಲ್ಲ. ನಿನ್ನೆ ನದೀಲಿ ಮುಳುಗಿ ಸೂತಕ ಕಳ್ಕೊಂಡೆ. ನನ್ನ ಮಿತ್ ಸತ್ತ. ನೀನ್ಯಾರೋ ನಂಗೊತ್ತಿಲ್ಲ."

ಅಪ್ಪನ ಬಾಯಲ್ಲಿ ಅವನಿಗೆ "ನೀನು" ಅಂತ ಬಂದದ್ದು ಅದೇ ಮೊದಲು. ಅವನ ಮುಖ ಆಗ ಬಿಳುಚಿಕೊಂಡಿತು. ಎದ್ದೇಳಲು ಹೋದ. ಅಪ್ಪ ಜಾಕೆಟ್ಟಿನ ಕೊರಳಪಟ್ಟಿಗೆ ಕೈ ಹಾಕಿ ಅವನನ್ನು ಗೋಡೆಗೆ ಒತ್ತಿದರು.

"ನಂದೂ ಸತ್ತ," ಅಂತ ಕುಲಮಾನ್ ಎದ್ದ.

ಆಮೇಲೆ ಆದದ್ದನ್ನೆಲ್ಲ ಹೇಳುವುದಿಲ್ಲ. ಹೊಡೆತ ಹೆಚ್ಚೇನೂ ಬೀಳಲಿಲ್ಲ, ಸಾಹುನಿಯ ಚಪ್ಪಲಿ ಒಂದು ನಾಲ್ಕು ಸಲ ಬಿತ್ತು, ಅವಳಿಗೆ ಯಾವ ಸಂಬಂಧವೂ ಅಡ್ಡ ಇರಲಿಲ್ಲ. ಅವನ ಜೇಬಿನಿಂದ ಬೀಗದ ಕೈ ತೆಗೆದು ಬಾಗಿಲು ತೆಗೆದೆವು. ಮೇಜಿಲ್ಲ, ಕುರ್ಚಿಯಿಲ್ಲ. ನಡುವೆ ಎರಡು ಗೋಣಿಚೀಲ, ಬಾಯಿ ಕಟ್ಟಿದ್ದವು. ನಾನು ಬಿಚ್ಚಿ ಸುರಿದೆ. ಹಸಿರು ಪಾಸ್‌ಪೋರ್ಟುಗಳು, ಕಂದು ಪಾಸ್‌ಪೋರ್ಟುಗಳು, ಆಲೂಗಡ್ಡೆ ಸುರಿದ ಹಾಗೆ ನೆಲದ ತುಂಬ ಉರುಳಿದವು. ಏಳು ಮನೆಯದಲ್ಲ. ಇನ್ನೂರಕ್ಕಿಂತ ಹೆಚ್ಚಿದ್ದವು ಅಂತ ಆಮೇಲೆ ಪೊಲೀಸರು ಹೇಳಿದರು. ಎಷ್ಟು ಊರಿನಲ್ಲಿ ಎಷ್ಟು ಜನ ಇವನಿಗೋಸ್ಕರ ತಲೆ ಬೋಳಿಸಿಕೊಂಡು ಕೂತಿದ್ದಾರೋ!

ಮಂಡಿಯೂರಿ ಒಂದೊಂದೇ ತೆಗೆದು ನೋಡಿದೆ. ಯಾರ್ಯಾರದೋ ಮುಖ. ಎರಡನೆಯ ಚೀಲದ ತಳದಲ್ಲಿ ನಾನು ಸಿಕ್ಕಿದೆ. ಒಂದು ಪುಟಕ್ಕೂ ಮುದ್ರೆ ಬಿದ್ದಿರಲಿಲ್ಲ. ಹದಿನಾಲ್ಕು ತಿಂಗಳು ಅದನ್ನು ಯಾರೂ ತೆರೆದೇ ನೋಡಿರಲಿಲ್ಲ.

ಎಲ್ಲರೂ ಸೇರಿ ಅವನನ್ನು ಪೊಲೀಸ್ ಠಾಣೆಗೆ ಒಯ್ದೆವು. ಅಲ್ಲಿನ ಸಾಹೇಬರು ದೂರು ಬರೆದುಕೊಳ್ಳುತ್ತಿದ್ದರು. "ಆರೋಪಿ ಹೆಸರು?"

"ಪದಮ್ ಬಹಾದುರ್," ಅಂದರು ಅಪ್ಪ.

"ಅದು ನಿಮ್ದು, ಆಗ್ಲೇ ಬರ್ಕೊಂಡೆ. ಅವನ್ದು ಹೇಳಿ."

"ನಂಗೆ ಹೇಳಿದ್ದು ಅದೇ, ಸರ್."

"ಕುಲಮಾನ್, ಸರ್."

"ಗಂಜಮಾನ್, ಸರ್."

ಸಾಹೇಬರು ಪೆನ್ನು ಕೆಳಗಿಟ್ಟು ಹಣೆ ಒತ್ತಿಕೊಂಡರು. ಅವನ ಜೇಬಿನಲ್ಲಿ ಪೌರತ್ವದ ಕಾರ್ಡು ಮೂರು ಸಿಕ್ಕಿದ್ದವು, ಮೂರರಲ್ಲೂ ಬೇರೆ ಬೇರೆ ಹೆಸರು. ನಿಜವಾದದ್ದು ಯಾವುದು ಅಂತ ನಾವು ಹೊರಡುವವರೆಗೂ ಗೊತ್ತಾಗಲಿಲ್ಲ. ಪಾಸ್‌ಪೋರ್ಟುಗಳನ್ನೆಲ್ಲ ಸಾಕ್ಷಿಗೆ ಇಟ್ಟುಕೊಳ್ಳಬೇಕು ಅಂದರು. ನಾನು ಶುಕ್ರವಾರದ ಕಾಗದ ತೋರಿಸಿ, ಅತ್ತು, ಬೇಡಿ, ಕೊನೆಗೆ ಅವರು ನಕಲು ತೆಗೆಸಿಕೊಂಡು, ಸಹಿ ಹಾಕಿಸಿಕೊಂಡು ನನ್ನದನ್ನು ಬಿಟ್ಟುಕೊಟ್ಟರು.

ಧರ್ಮಶಾಲೆಗೆ ನಡೆದು ಹೋಗುವಾಗ ಅಪ್ಪ ಬೋಳುತಲೆ ಮುಟ್ಟಿಕೊಂಡು, "ಚಳಿ ಆಗ್ತಿದೆ," ಅಂದರು. ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ತುಲ್ಸಾ, ನಾನು ಅತ್ತಿದ್ದು ಸುಳ್ಳಲ್ಲ ಕಣೆ," ಅಂದರು. ನಾನು ಅವರ ಕೈ ಹಿಡಿದುಕೊಂಡು ನಡೆದೆ.

ಶುಕ್ರವಾರ ಹತ್ತು ಗಂಟೆಗೆ ಕಾಠ್ಮಂಡುವಿನ ಬಾನೇಶ್ವರದಲ್ಲಿ ಶರ್ಮಿಲಾ ಹೇಳಿದ್ದ ಆಫೀಸು. ನಲವತ್ತು ಜನ ಹೆಣ್ಣುಮಕ್ಕಳು. ಹೊಲಿಗೆ ಪರೀಕ್ಷೆ ಕೊಟ್ಟರು, ಜೇಬು ಹೊಲಿ, ಕಾಲರ್ ಹೊಲಿ ಅಂತ. ನನ್ನ ಕಾಲರನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಮಧ್ಯಾಹ್ನ ಹೆಸರು ಕೂಗಿದಾಗ ನನ್ನದು ಮೂರನೆಯದು.

ಕೌಂಟರಿನಲ್ಲಿ ಕನ್ನಡಕದ ಹುಡುಗಿ ಕೈ ಚಾಚಿದಳು. "ದಿದಿ, ಪಾಸ್‌ಪೋರ್ಟ್ ಇಲ್ಲಿ ಕೊಟ್ಟು ಹೋಗಿ. ವೀಸಾಗೆ ಕಳಿಸ್ಬೇಕು."

ಕೊಟ್ಟೆ. ಅಂದರೆ ಕೈ ಚಾಚಿದೆ. ಅವಳು ಒಂದು ತುದಿ ಹಿಡಿದಳು, ಇನ್ನೊಂದು ತುದಿ ನನ್ನ ಬೆರಳುಗಳಲ್ಲಿ. ಅವಳು ಎಳೆದಳು. ಬೆರಳು ಬಿಡಲಿಲ್ಲ.

"ಬಿಡಿ ದಿದಿ."

"ಬಿಡ್ತೀನಿ," ಅಂದೆ. ಬಿಡಲಾಗಲಿಲ್ಲ.

ಹಿಂದೆ ಸಾಲಿನಲ್ಲಿದ್ದವರು ಕಿಸಿಕಿಸಿ ನಗತೊಡಗಿದರು. "ಪೋಲೆಂಡಿಗೆ ಅವಳು ಹೋಗ್ತಾಳೋ, ಪಾಸ್‌ಪೋರ್ಟನ್ನ ಮನೆಗೆ ತಗೊಂಡು ಹೋಗ್ತಾಳೋ?" ಅಂದಳು ಯಾರೋ.

"ನಿಮ್ಮ ಹೆಸರೇನು?" ಅಂತ ಕೇಳಿದೆ.

"ಸ್ಮೃತಿ. ಯಾಕೆ?"

"ರಸೀದಿ ಬರ್ದು ಕೊಡಿ. ಅದರಲ್ಲಿ ನಿಮ್ಮ ಹೆಸರೂ ಇರ್ಲಿ. ಯಾವ ತಾರೀಖಿಗೆ ವಾಪಸ್ ಕೊಡ್ತೀರಿ ಅಂತಾನೂ."

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಮುಖ ಒಂದು ಸಲ ಸರಿಯಾಗಿ ನೋಡಿದಳು, ಪುಸ್ತಕ ತೆಗೆದು ಬರೆದಳು, ಮುದ್ರೆ ಒತ್ತಿದಳು. ಆಗ ಬೆರಳು ಬಿಟ್ಟೆ.

ಬಾಗಿಲ ಹತ್ತಿರ ಅಪ್ಪ ಕಾಯುತ್ತಿದ್ದರು. ಊರಿಗೆ ಕೊನೆಯ ಬಸ್ಸು ಎರಡಕ್ಕೆ ಅಂದರು. ನಾಳೆ ಬೆಳಿಗ್ಗೆಯದಕ್ಕೆ ಹೋಗೋಣ ಅಂದೆ. ಅಪ್ಪ ಯಾಕೆ ಅಂತ ಕೇಳಲಿಲ್ಲ. ಇಬ್ಬರೂ ಕೌಂಟರಿಗೆ ಎದುರಿನ ಬೆಂಚಿನಲ್ಲಿ ಕೂತೆವು. ಐದು ಗಂಟೆಗೆ ಆ ಹುಡುಗಿ ಪಾಸ್‌ಪೋರ್ಟುಗಳನ್ನೆಲ್ಲ ಕಬ್ಬಿಣದ ಕಪಾಟಿಗೆ ಜೋಡಿಸಿ ಬೀಗ ಹಾಕುವವರೆಗೂ ಎದ್ದೇಳಲಿಲ್ಲ.